ಮನೆಗೊಂದು ಕಲರ್ ಪ್ರಿಂಟರ್ ಎಂಬ ದುಬಾರಿ ಉಳಿತಾಯ

ಮಳವಳ್ಳಿ ತಾಲ್ಲೂಕಿನ ಬಂಡೂರಿನಂಥ ಊರಿಗೂ ಈಗ ಒಂದು ಉಪದೇಶ ಬಂದು ತಲುಪಿದೆ: ಓದುವ ಮಕ್ಕಳಿರುವ ಮನೆಯಲ್ಲಿ ಒಂದು ಕಲರ್ ಪ್ರಿಂಟರ್ ಇರಲೇಬೇಕು. ಮಳವಳ್ಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿ, ಮದ್ದೂರಿನಲ್ಲಿ ಕೇಳಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರ ಹುಡುಗನನ್ನೇ ಕೇಳಿ, ಉತ್ತರ ಒಂದೇ. "ಕಾರ್ಟ್ರಿಜ್‌ದು ಬ್ಯಾಡ ಕಣಣ್ಣ, ಇಂಕ್ ಟ್ಯಾಂಕ್ ತಗಬುಡಿ. ಒಂದ್ಸಲ ದುಡ್ಡು ಹಾಕುದ್ರೆ ಮುಗೀತು. ಆಮೇಕೆ ಪೇಜ್‌ಗೆ ಹತ್ತು ಪೈಸೆನೂ ಬೀಳಕಿಲ್ಲ. ಫೋಟೊನೂ ಅದ್ರಲ್ಲೇ, ಜೆರಾಕ್ಸೂ ಅದ್ರಲ್ಲೇ."

ಕೇಳಲು ಹಿತವಾದ ಮಾತು. ಅಗ್ಗ ಎಂಬುದು ಅದರ ಮೊದಲ ಭರವಸೆ. ಅಕ್ಷರ, ಫೋಟೊ ಎರಡನ್ನೂ ಒಂದೇ ಯಂತ್ರ ನಿಭಾಯಿಸುತ್ತದೆ ಎಂಬುದು ಎರಡನೆಯದು. ಮಕ್ಕಳ ಓದಿಗೆ ಅನುಕೂಲ ಎಂಬುದು ಮೂರನೆಯದು. ಮೂರರಲ್ಲೂ ಒಂದಿಷ್ಟು ನಿಜವಿದೆ, ಅದಕ್ಕೇ ಜನ ನಂಬುತ್ತಾರೆ. ಆದರೆ ಆ ನಿಜ ಹೊಂದುವುದು ದಿನವೂ ಹಾಳೆ ಓಡಿಸುವ ಜಾಗಕ್ಕೆ. ತಿಂಗಳಿಗೆ ಇಪ್ಪತ್ತೋ ಮೂವತ್ತೋ ಹಾಳೆ ಬೇಕಾಗುವ ನಮ್ಮ ಮನೆಗಳಿಗೆ ಅದನ್ನು ಹೊಂದಿಸಿ ಹೇಳುವುದು ತಪ್ಪು ಲೆಕ್ಕ. ಅಂಥ ಮನೆಗೆ ಕಲರ್ ಪ್ರಿಂಟರ್ ಬೇಡ ಎಂಬುದೇ ನನ್ನ ವಾದ. ಅಕ್ಷರಕ್ಕೆ ಒಂದು ದಾರಿ, ಫೋಟೊಗೆ ಇನ್ನೊಂದು ದಾರಿ ಹಿಡಿದರೆ ದುಡ್ಡೂ ಉಳಿಯುತ್ತದೆ, ಕೈಗೆ ಬರುವ ಹಾಳೆಯೂ ಚೆನ್ನಾಗಿರುತ್ತದೆ.

ಇಂಕ್ ಟ್ಯಾಂಕಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಮೊದಲೇ ಸಲ್ಲಿಸಿಬಿಡೋಣ. ಅದಕ್ಕೆ ಮುಂಚೆ ಇದ್ದ ವ್ಯವಸ್ಥೆ ಹಗಲು ದರೋಡೆಗಿಂತ ಕಡಿಮೆಯೇನಿರಲಿಲ್ಲ. ಯಂತ್ರವನ್ನು ಮೂರು ನಾಲ್ಕು ಸಾವಿರಕ್ಕೆ ಕೊಟ್ಟು, ಹನಿ ಮಸಿ ತುಂಬಿದ ಪುಟ್ಟ ಕಾರ್ಟ್ರಿಜ್‌ಗೆ ಯಂತ್ರದ ಬೆಲೆಯ ಕಾಲುಭಾಗವನ್ನೋ ಅರ್ಧವನ್ನೋ ವಸೂಲಿ ಮಾಡುವುದೇ ಕಂಪನಿಗಳ ವ್ಯಾಪಾರವಾಗಿತ್ತು. ಬೇಸತ್ತ ಜನ ಕಾರ್ಟ್ರಿಜ್‌ಗೆ ತೂತು ಕೊರೆದು, ಸಣ್ಣ ಪೈಪು ಎಳೆದು, ಯಂತ್ರದ ಪಕ್ಕದಲ್ಲೇ ಮಸಿ ಬಾಟಲಿ ಕಟ್ಟಿಕೊಂಡರು. ಇಂಡೊನೇಷ್ಯಾದಲ್ಲಿ ಈ ಕಸುಬು ವಿಪರೀತ ಬೆಳೆದಾಗ ಎಪ್ಸನ್ ಕಂಪನಿ ಅದನ್ನೇ ತನ್ನ ಕಾರ್ಖಾನೆಗೆ ತಂದು 2010ರಲ್ಲಿ ಟ್ಯಾಂಕ್ ಇರುವ ಪ್ರಿಂಟರನ್ನು ಮೊದಲು ಅಲ್ಲೇ ಮಾರಾಟಕ್ಕಿಟ್ಟಿತು. ಆಮೇಲೆ ಅದು ಭಾರತಕ್ಕೂ ಬಂತು. ಕ್ಯಾನನ್, ಎಚ್‌ಪಿ ಕೂಡ ಅದೇ ದಾರಿ ಹಿಡಿದವು. ಮಸಿಯ ಬೆಲೆ ನಿಜಕ್ಕೂ ನೆಲಕ್ಕಿಳಿಯಿತು. ಇಷ್ಟರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಶುರುವಾಗುವುದು "ಪೇಜಿಗೆ ಹತ್ತು ಪೈಸೆ" ಎಂಬಲ್ಲಿ. ಎಪ್ಸನ್‌ನ 003 ಎಂಬ ಮಸಿ ಬಾಟಲಿ ನಮ್ಮ ಕಡೆ ತುಂಬ ಚಾಲ್ತಿಯಲ್ಲಿದೆ. 65 ಮಿಲಿಲೀಟರಿನ ಕಪ್ಪು ಬಾಟಲಿಗೆ ಕಂಪನಿ ಹೇಳುವ ಲೆಕ್ಕ 4,500 ಪುಟ. ಬಾಟಲಿಗೆ 350 ರೂಪಾಯಿ ಎಂದಿಟ್ಟುಕೊಂಡರೆ ಪುಟಕ್ಕೆ ಎಂಟು ಪೈಸೆಯೂ ಆಗುವುದಿಲ್ಲ. ಸರಿ. ಈಗ ತಿಂಗಳಿಗೆ 20 ಪುಟ ಬೇಕಾಗುವ ಮನೆಗೆ ಬನ್ನಿ. 4,500 ಪುಟ ಮುಗಿಯಲು ಆ ಮನೆಗೆ 225 ತಿಂಗಳು ಬೇಕು, ಅಂದರೆ ಹದಿನೆಂಟು ವರ್ಷ ಒಂಬತ್ತು ತಿಂಗಳು. ಪ್ರಿಂಟರ್ ಬಂದ ದಿನ ಅಂಗನವಾಡಿಗೆ ಸೇರಿದ ಮಗು ಡಿಗ್ರಿ ಮುಗಿಸಿ ಕೆಲಸ ಹುಡುಕುವ ಹೊತ್ತಿಗೆ ಮೊದಲ ಬಾಟಲಿ ಖಾಲಿಯಾಗುತ್ತದೆ. ಅಷ್ಟು ವರ್ಷ ಯಂತ್ರವೂ ಬದುಕುವುದಿಲ್ಲ, ಮಸಿಯೂ ಬದುಕುವುದಿಲ್ಲ. ಮಸಿಯ ಪೆಟ್ಟಿಗೆಯ ಮೇಲೆ ಇಂಥ ದಿನಾಂಕದೊಳಗೆ ಬಳಸಿ ಎಂದು ಕಂಪನಿಯೇ ಅಚ್ಚು ಹಾಕಿರುತ್ತದೆ.

ಇನ್ನು ಯಂತ್ರದ ಬೆಲೆ. ಸ್ಕ್ಯಾನರ್ ಸಮೇತ ಟ್ಯಾಂಕ್ ಪ್ರಿಂಟರಿಗೆ 12,000 ರೂಪಾಯಿ ಎಂದು ಹಿಡಿಯಿರಿ. ನಾಲ್ಕು ವರ್ಷ ಸುಸ್ಥಿತಿಯಲ್ಲಿ ಓಡಿತು ಎನ್ನಿ. ತಿಂಗಳಿಗೆ 20ರಂತೆ ಆಗುವುದು 960 ಪುಟ. ಯಂತ್ರದ ಪಾಲೇ ಪುಟಕ್ಕೆ ಹನ್ನೆರಡೂವರೆ ರೂಪಾಯಿ ಬಿತ್ತು. ಎಂಟು ಪೈಸೆಯ ಸುದ್ದಿ ಎಲ್ಲಿ ಹೋಯಿತು? ಅದೇ 960 ಪುಟವನ್ನು ಅಂಗಡಿಯಲ್ಲಿ ತೆಗೆಸಿದರೆ? ಮುಕ್ಕಾಲು ಭಾಗ ಕಪ್ಪು, ಪುಟಕ್ಕೆ 5 ರೂಪಾಯಿ. ಕಾಲು ಭಾಗ ಕಲರ್, ಪುಟಕ್ಕೆ 15 ರೂಪಾಯಿ ಎಂದು ಧಾರಾಳವಾಗಿಯೇ ಹಿಡಿಯೋಣ. 3,600ಕ್ಕೆ 3,600 ಸೇರಿ 7,200 ರೂಪಾಯಿ. ಅದೂ ನಾಲ್ಕು ವರ್ಷದಲ್ಲಿ ಬಿಡಿಬಿಡಿಯಾಗಿ, ಬೇಕಾದಾಗ ಬೇಕಾದಷ್ಟು. ಕಬ್ಬಿನ ಬಿಲ್ಲು ಯಾವಾಗ ಬಂದೀತೋ ಎಂದು ಕಾಯುವ ಮನೆಗೆ ಹನ್ನೆರಡು ಸಾವಿರವನ್ನು ಒಂದೇ ದಿನ ಎಣಿಸಿಕೊಡುವುದಕ್ಕೂ ಐದು ಹತ್ತು ರೂಪಾಯಿಗಳನ್ನು ಆಗಾಗ ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ 4,500 ಪುಟದ ಲೆಕ್ಕವಾದರೂ ಎಲ್ಲಿಂದ ಬಂತು? ಇಂಕ್‌ಜೆಟ್ ಮಸಿಯನ್ನು ಅಳೆಯಲು ಐಎಸ್‌ಒ/ಐಇಸಿ 24711 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಅದಕ್ಕೆ ಬೇಕಾದ ಮಾದರಿ ಪುಟಗಳು 24712ರಲ್ಲಿವೆ. ಆ ಪುಟಗಳನ್ನು ಒಂದರ ಹಿಂದೆ ಒಂದು ಬಿಡುವಿಲ್ಲದೆ ಓಡಿಸಿ ಎಣಿಸುವುದು ಕ್ರಮ. ಟ್ಯಾಂಕ್ ಯಂತ್ರದ ಕೈಪಿಡಿಯ ಅಡಿಟಿಪ್ಪಣಿ ಓದಿದರೆ, ಆ ಮಾದರಿ ಪುಟಗಳನ್ನು ಇಟ್ಟುಕೊಂಡು ಕಂಪನಿ ತನ್ನದೇ ವಿಧಾನದಲ್ಲಿ ಅಂದಾಜಿಸಿದ್ದು ಎಂಬ ಮಾತು ಸಣ್ಣ ಅಕ್ಷರದಲ್ಲಿ ಸಿಗುತ್ತದೆ. ಮೊದಲ ಸಲ ಸುರಿದ ಮಸಿಯಲ್ಲಿ ಒಂದಷ್ಟು ಪೈಪು ಮತ್ತು ಹೆಡ್ಡು ತುಂಬಲಿಕ್ಕೇ ಹೋಗುತ್ತದೆ ಎಂಬುದೂ ಅಲ್ಲೇ ಇರುತ್ತದೆ. ಕಂಪನಿ ಸುಳ್ಳು ಹೇಳಿಲ್ಲ. ನಿರಂತರ ಓಡುವ ಯಂತ್ರದ ಲೆಕ್ಕವನ್ನು ಅದು ಮುಂದಿಟ್ಟಿತು, ಅಪರೂಪಕ್ಕೆ ಓಡುವ ಯಂತ್ರಕ್ಕೂ ಅದೇ ಲೆಕ್ಕ ಎಂದು ಮಾರುವವರೂ ಕೊಳ್ಳುವವರೂ ಸೇರಿ ಅಂದುಕೊಂಡರು.

ಅಪರೂಪಕ್ಕೆ ಓಡುವ ಯಂತ್ರದ ಕಥೆಯೇ ಬೇರೆ. ಇಂಕ್‌ಜೆಟ್ ಹೆಡ್ಡಿನಲ್ಲಿರುವುದು ಕೂದಲಿಗಿಂತ ಸಣ್ಣ ನೂರಾರು ರಂಧ್ರಗಳು. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಬೆಸುಗೆ ಹಾಕುವ ಬಿಸಿ ಕಡ್ಡಿಯೊಂದು ಮಸಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ, ಮಸಿ ಚಿಮ್ಮಿದ್ದನ್ನು ಕಂಡು ಅಲ್ಲಿನವರು ಕಾಯಿಸಿ ಚಿಮ್ಮಿಸುವ ವಿಧಾನವನ್ನು ರೂಪಿಸಿದರು. ಎಪ್ಸನ್ ಕಾಯಿಸುವ ಬದಲು, ವಿದ್ಯುತ್ ಹರಿದಾಗ ಬಾಗುವ ಪೀಜೊ ಹರಳಿನಿಂದ ಮಸಿಯನ್ನು ಒತ್ತಿ ಚಿಮ್ಮಿಸುತ್ತದೆ. ವಿಧಾನ ಯಾವುದಾದರೂ ಮಸಿ ದ್ರವವಾಗಿಯೇ ಇರಬೇಕು. ಮಾರ್ಚ್ ಏಪ್ರಿಲ್ ಬಿಸಿಲಿಗೆ ಒಣ ಗಾಳಿ ಬೀಸುವ, ಎತ್ತಿನ ಗಾಡಿಯಿಂದ ಟ್ರ್ಯಾಕ್ಟರಿನವರೆಗೆ ಎಲ್ಲವೂ ಮನೆ ಮುಂದೆಯೇ ಧೂಳೆಬ್ಬಿಸುವ ಊರಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತ ಹೆಡ್ಡಿನ ತುದಿಯಲ್ಲಿ ಮಸಿ ಗರಣೆಗಟ್ಟುತ್ತದೆ. ಮುಂದಿನ ಸಲ ಪ್ರಿಂಟ್ ಕೊಟ್ಟರೆ ಹಾಳೆಯ ತುಂಬ ಬಿಳಿ ಗೆರೆ. ನೀಲಿ ಬಂದರೆ ಕೆಂಪು ಬರದು, ಕೆಂಪು ಬಂದರೆ ಹಳದಿ ಬರದು.

ಆಗ ಹೆಡ್ ಕ್ಲೀನಿಂಗ್ ಒತ್ತುತ್ತೇವೆ. ಕ್ಲೀನಿಂಗ್ ಎಂದರೆ ಟ್ಯಾಂಕಿನ ಮಸಿಯನ್ನೇ ಹೀರಿ ಚೆಲ್ಲುವುದು. ಆ ಚೆಲ್ಲಿದ ಮಸಿ ಯಂತ್ರದ ಹೊಟ್ಟೆಯಲ್ಲಿರುವ ವೇಸ್ಟ್ ಇಂಕ್ ಪ್ಯಾಡ್‌ಗೆ ಹೋಗುತ್ತದೆ. ಪ್ಯಾಡ್ ತುಂಬಿತು ಎಂದು ಯಂತ್ರದ ಲೆಕ್ಕಕ್ಕೆ ಅನ್ನಿಸಿದರೆ ಅದು ಕೆಲಸ ನಿಲ್ಲಿಸಿ ದೀಪ ಮಿಟುಕಿಸುತ್ತದೆ. ಹೊಸ ಮಾದರಿಗಳಲ್ಲಿ ಕೆಲವಕ್ಕೆ ಮನೆಯಲ್ಲೇ ಬದಲಿಸುವ ಡಬ್ಬಿ ಕೊಟ್ಟಿದ್ದಾರೆ. ಅಗ್ಗದ ಮಾದರಿಗಳನ್ನು ಬಹುಪಾಲು ಸರ್ವಿಸ್‌ನವರೇ ಬಿಚ್ಚಬೇಕು. ಬಂಡೂರಿನಿಂದ ಯಂತ್ರ ಹೊತ್ತು ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕು. ಹೋಗಿ ಬರುವ ಖರ್ಚು ಯಾವ ಜಾಹೀರಾತಿನ ಪೈಸೆ ಲೆಕ್ಕದಲ್ಲೂ ಇಲ್ಲ.

"ವಾರಕ್ಕೊಂದು ಕಲರ್ ಪುಟ ಹೊಡೆಯುತ್ತಿರಿ, ಹೆಡ್ಡು ಕಟ್ಟಿಕೊಳ್ಳುವುದಿಲ್ಲ" ಎನ್ನುವುದು ಇದಕ್ಕೆ ಸಿಗುವ ಸಮಾಧಾನ. ಸಲಹೆ ಸರಿಯಾದದ್ದೇ. ಆದರೆ ಅದರ ಅರ್ಥ ನೋಡಿ: ಬೇಕಾದ ಹಾಳೆಗಾಗಿ ಯಂತ್ರ ಕೊಂಡೆವು, ಈಗ ಯಂತ್ರ ಕೆಡದಿರಲೆಂದು ಬೇಡದ ಹಾಳೆ ಅಚ್ಚು ಹಾಕಬೇಕು. ಅಂಥ ಯಂತ್ರ ನಮ್ಮ ಅಳತೆಯದಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೆ?

ಎರಡನೆಯ ಭರವಸೆಗೆ ಬರೋಣ. ಅಕ್ಷರ, ಫೋಟೊ ಎರಡೂ ಒಂದರಲ್ಲೇ ಎಂಬುದು. ಬಂಡೂರಿನವರಿಗೆ ಇದನ್ನು ಅರ್ಥಮಾಡಿಸಲು ದೂರ ಹೋಗಬೇಕಾಗಿಲ್ಲ. ಈ ಊರಿನ ಹೆಸರನ್ನು ನಾಡಿನ ತುಂಬ ಹೊತ್ತುಕೊಂಡು ಹೋಗಿದ್ದೇ ಬಂಡೂರು ಕುರಿ. ಕುಳ್ಳ ಕಾಲು, ತುಂಬಿದ ಮೈ, ಮೃದು ಮಾಂಸ. ಅದನ್ನು ಉಣ್ಣೆಗೆಂದು ಯಾರೂ ಸಾಕುವುದಿಲ್ಲ, ಅದರ ಉಣ್ಣೆ ಒರಟು. ಕಂಬಳಿ ಬೇಕಾದವರು ಚಳ್ಳಕೆರೆ ಕಡೆಯ ಡೆಕ್ಕನಿ ಕುರಿಯ ಉಣ್ಣೆ ಹುಡುಕುತ್ತಾರೆ. ಮಾಂಸಕ್ಕೂ ಉಣ್ಣೆಗೂ ಒಂದೇ ತಳಿ ಸಾಕು ಎಂದು ಸಂತೆಯಲ್ಲಿ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗುವ ಜನ, ಪ್ರಿಂಟರಿನ ವಿಷಯದಲ್ಲಿ ಅದೇ ಮಾತಿಗೆ ತಲೆದೂಗುತ್ತಾರೆ.

ಅಕ್ಷರಕ್ಕೆ ಬೇಕಾದ ಗುಣವೇ ಬೇರೆ, ಫೋಟೊಗೆ ಬೇಕಾದ ಗುಣವೇ ಬೇರೆ. ಇಂಕ್‌ಜೆಟ್ ಮಸಿಯಲ್ಲಿ ಎರಡು ಜಾತಿ. ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ ಡೈ. ಕರಗದೆ ಕಣವಾಗಿ ತೇಲುವ ಬಣ್ಣ ಪಿಗ್ಮೆಂಟ್. ಡೈ ಮಸಿ ಹೊಳೆಯುವ ಫೋಟೊ ಕಾಗದದ ಮೇಲೆ ಚೆಂದ. ಸಾದಾ ಹಾಳೆಯ ಮೇಲೆ ಅದು ನಾರಿನೊಳಗೆ ಹರಡುತ್ತದೆ, ನೀರು ಬಿದ್ದರೆ ಕದಡುತ್ತದೆ. ಮೇಲೆ ಹೇಳಿದ 003ರ ನಾಲ್ಕೂ ಬಣ್ಣಗಳು, ಕಪ್ಪು ಸೇರಿ, ಡೈ. ಕ್ಯಾನನ್‌ನ ಜಿಐ-790, ಎಚ್‌ಪಿಯ ಜಿಟಿ53 ಬಾಟಲಿಗಳ ಕಪ್ಪು ಮಾತ್ರ ಪಿಗ್ಮೆಂಟ್. ಕೊಳ್ಳುವಾಗ ಈ ಪ್ರಶ್ನೆ ಕೇಳುವವರು ನೂರಕ್ಕೆ ಒಬ್ಬರಿಲ್ಲ. ಪರೀಕ್ಷೆಯ ದಿನ ಬೆವರಿದ ಕೈಯಲ್ಲಿ ಪ್ರವೇಶಪತ್ರ ಹಿಡಿದ ಹುಡುಗಿಗೆ, ಮಳೆಯಲ್ಲಿ ಜೇಬಿನಲ್ಲಿ ಪಹಣಿ ಇಟ್ಟುಕೊಂಡು ಬ್ಯಾಂಕಿಗೆ ಹೋದ ರೈತನಿಗೆ ಇದರ ಉತ್ತರ ಗೊತ್ತಾಗುತ್ತದೆ.

ಕನ್ನಡ ಅಕ್ಷರಕ್ಕಂತೂ ಇದು ಇನ್ನೂ ಮುಖ್ಯ. ನಮ್ಮ ಒತ್ತಕ್ಷರಗಳು ಸಣ್ಣವು, ಒತ್ತೊತ್ತಾಗಿ ಕೂರುವಂಥವು. ಪ ಮತ್ತು ಫ, ದ ಮತ್ತು ಧ ಬೇರೆಯಾಗುವುದು ಒಂದು ಸಣ್ಣ ಗೀಟಿನಿಂದ. ಪಹಣಿಯ ಪುಟ್ಟ ಚೌಕಗಳಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು, ಗುಂಟೆ ಲೆಕ್ಕ ಕಿಕ್ಕಿರಿದಿರುತ್ತವೆ. ಅಗ್ಗದ ತೆಳು ಹಾಳೆ ಮಸಿ ಹೀರಿದರೆ ಗೀಟು, ಒತ್ತು, ಚುಕ್ಕಿ ಎಲ್ಲ ಮುದ್ದೆ. ಈಗಿನ ದಾಖಲೆಗಳಲ್ಲಿರುವ ಕ್ಯೂಆರ್ ಕೋಡ್ ಹರಡಿಕೊಂಡರೆ ಮೊಬೈಲು ಅದನ್ನು ಓದುವುದಿಲ್ಲ. ಲೇಸರ್ ಪ್ರಿಂಟರ್ ಹಾಕುವುದು ಮಸಿಯನ್ನಲ್ಲ, ಟೋನರ್ ಎಂಬ ನಯವಾದ ಪ್ಲಾಸ್ಟಿಕ್ ಪುಡಿಯನ್ನು. ಸುಮಾರು 200 ಡಿಗ್ರಿ ಶಾಖದ ಉರುಳೆ ಅದನ್ನು ಕರಗಿಸಿ ಹಾಳೆಗೆ ಅಂಟಿಸುತ್ತದೆ. ಗೀಟು ಗೀಟಾಗಿ, ಚುಕ್ಕಿ ಚುಕ್ಕಿಯಾಗಿ ಉಳಿಯುತ್ತದೆ. ನೀರು ಬಿದ್ದರೂ ಕದಡುವುದಿಲ್ಲ. ಅಕ್ಷರಕ್ಕೆ ಬೇಕಾದ ಯಂತ್ರ ಅದು, ಫೋಟೊಗೆ ಅದು ಆಗಿಬರುವುದಿಲ್ಲ.

ಇನ್ನು ಫೋಟೊ. ಇಲ್ಲಿ "ಹತ್ತು ಪೈಸೆ"ಯ ಲೆಕ್ಕ ಪೂರ್ತಿ ನೆಲ ಕಚ್ಚುತ್ತದೆ. ಅಕ್ಷರದ ಪುಟ ಎಂದರೆ ಎ4 ಹಾಳೆಯ ನೂರಕ್ಕೆ ಐದು ಭಾಗ ಮಸಿ ಮುಚ್ಚುವಂಥದ್ದು ಎಂಬುದು ರೂಢಿಯ ಎಣಿಕೆ. ಎ4 ಹಾಳೆ ಸುಮಾರು 97 ಚದರ ಇಂಚು, ಅದರಲ್ಲಿ ಐದು ಭಾಗ ಎಂದರೆ ಐದು ಚದರ ಇಂಚಿಗೂ ಕಡಿಮೆ. ನಾಲ್ಕು ಆರು ಇಂಚಿನ ಒಂದು ಫೋಟೊ 24 ಚದರ ಇಂಚು. ಅದರಲ್ಲಿ ಅಂಚಿನಿಂದ ಅಂಚಿಗೆ ಬಣ್ಣ, ಅದೂ ಒಂದರ ಮೇಲೊಂದು. ಅಂಗೈಯಗಲದ ಫೋಟೊ ಒಂದು ಪುಟ ಅಕ್ಷರದ ಐದರಷ್ಟು ಜಾಗಕ್ಕೆ ಮಸಿ ಕುಡಿಯುತ್ತದೆ. ಮೇಲೆ ಫೋಟೊ ಕಾಗದದ ಖರ್ಚು. ಮೊದಲ ಎರಡು ಮೂರು ಹಾಳೆ ಬಣ್ಣ ಸರಿಹೋಗದೆ ಕಸಕ್ಕೆ. ಮೊಬೈಲ್ ಪರದೆಯಲ್ಲಿ ಬೆಳಕಾಗಿ ಕಂಡ ಬಣ್ಣ ಕಾಗದದ ಮೇಲೆ ಮಸಿಯಾಗಿ ಬರುವಾಗ ಬದಲಾಗುತ್ತದೆ. ಮದುಮಗಳ ಮೈಸೂರು ರೇಷ್ಮೆ ಸೀರೆಯ ಬಣ್ಣ ಒಂದಾದರೆ ಪ್ರಿಂಟಿನದು ಇನ್ನೊಂದು. ಸರಿಪಡಿಸಲು ಮನೆಯಲ್ಲಿ ಬಲ್ಲವರಿಲ್ಲ.

ಅಗ್ಗದ ಟ್ಯಾಂಕ್ ಯಂತ್ರಗಳಲ್ಲಿ ಇರುವುದು ನಾಲ್ಕು ಬಣ್ಣ. ಚರ್ಮದ ಬಣ್ಣ, ಆಕಾಶದ ನೀಲಿ ಇಂಥ ತೆಳು ಛಾಯೆಗಳು ನುಣುಪಾಗಿ ಬರಲೆಂದು ಫೋಟೊ ಯಂತ್ರಗಳಲ್ಲಿ ತಿಳಿನೀಲಿ, ತಿಳಿಗೆಂಪು ಸೇರಿಸಿ ಆರು ಬಣ್ಣ ಕೊಡುತ್ತಾರೆ. ನಮ್ಮ ಕಡೆಯ ಎಷ್ಟೋ ಸ್ಟುಡಿಯೊಗಳಲ್ಲಿ ಪಾಸ್‌ಪೋರ್ಟ್ ಫೋಟೊಗೆ ಇಟ್ಟುಕೊಂಡಿರುವ ಎಪ್ಸನ್ ಎಲ್805 ಅಂಥದ್ದು. ಅದನ್ನು ಸ್ಟುಡಿಯೊದವರು ಕೊಂಡರೆ ದಿನವೂ ಓಡುತ್ತದೆ. ಮನೆಯವರು ಕೊಂಡರೆ ಆರು ಬಣ್ಣ ಒಣಗುತ್ತವೆ, ನಾಲ್ಕಲ್ಲ.

ಬಾಳಿಕೆಯ ಪ್ರಶ್ನೆಯನ್ನೂ ಮರೆಯಬೇಡಿ. ನಮ್ಮ ಮನೆಗಳಲ್ಲಿ ಫೋಟೊ ಎಂದರೆ ಆಲ್ಬಮ್ಮಿನಲ್ಲಿ ಮುಚ್ಚಿಟ್ಟದ್ದಷ್ಟೇ ಅಲ್ಲ, ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದೂ ಹೌದು. ತೀರಿಕೊಂಡ ಅಜ್ಜ ಅಜ್ಜಿಯರ ಪಟಕ್ಕೆ ಹಬ್ಬ ಹಬ್ಬಕ್ಕೆ ಹೂ ಏರಿಸುತ್ತೇವೆ. ಆ ಪಟ ಬಾಗಿಲ ಬೆಳಕಿಗೆ, ಒಲೆಯ ಹೊಗೆಗೆ, ಧೂಪಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡಿರುತ್ತದೆ. ಡೈ ಮಸಿಯ ಶತ್ರುಗಳೇ ಬೆಳಕು ಮತ್ತು ಗಾಳಿ. ಅಗ್ಗದ ಕಾಗದದ ಮೇಲಿನ ಪ್ರಿಂಟು ಕೆಲವೇ ವರ್ಷಗಳಲ್ಲಿ ಕೆಂಪಗೋ ಹಳದಿಗೋ ತಿರುಗುತ್ತದೆ. ಕಲರ್ ಲ್ಯಾಬಿನಲ್ಲಿ ಬೆಳ್ಳಿ ಲವಣದ ಕಾಗದದ ಮೇಲೆ ತೊಳೆದು ತೆಗೆದ ಪ್ರಿಂಟು ಅದಕ್ಕಿಂತ ಬಹಳ ಕಾಲ ನಿಲ್ಲುತ್ತದೆ. ಸ್ಟುಡಿಯೊಗಳಲ್ಲಿ ನಿಮಿಷದಲ್ಲಿ ಕೊಡುವ ಡೈ ಸಬ್ಲಿಮೇಷನ್ ಪ್ರಿಂಟಿನ ಮೇಲೂ ರಕ್ಷಣೆಯ ತೆಳು ಪದರ ಇರುತ್ತದೆ. ಅಪ್ಪನ ಕೊನೆಯ ಫೋಟೊವನ್ನು ಹತ್ತು ರೂಪಾಯಿ ಉಳಿಸಲು ಮನೆಯಲ್ಲೇ ಪ್ರಿಂಟ್ ಹಾಕುವುದು ಉಳಿತಾಯವಲ್ಲ.

ಸ್ಟುಡಿಯೊಗೆ ಹೋಗುವಾಗ ಒಂದು ಎಚ್ಚರ. ಫೋಟೊವನ್ನು ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ. ನಾಲ್ಕು ಆರು ಇಂಚಿನ ಪ್ರಿಂಟಿಗೆ 1,200ಕ್ಕೆ 1,800 ಪಿಕ್ಸೆಲ್ ಸಾಕು, ದೊಡ್ಡ ಕಟ್ಟಿನ ಪಟಕ್ಕೆ ಸಾಲದು.

ಮೂರನೆಯ ಭರವಸೆ ಮಕ್ಕಳ ಓದು. ಇದರ ಬೇರು 2020ರಲ್ಲಿದೆ. ಶಾಲೆ ಮುಚ್ಚಿ ಪಾಠವೆಲ್ಲ ಪಿಡಿಎಫ್ ಆಗಿ ಅಪ್ಪ ಅಮ್ಮಂದಿರ ಮೊಬೈಲಿಗೆ ಬಂದಾಗ ಪ್ರಿಂಟರ್ ನಿಜವಾಗಿ ಬೇಕಾಗಿತ್ತು. ಶಾಲೆ ತೆರೆಯಿತು, ಆದರೆ ಆ ಅಭ್ಯಾಸ ಹೋಗಲಿಲ್ಲ. ಈಗ ಪ್ರಾಜೆಕ್ಟ್ ಎಂದರೆ ಗೂಗಲ್‌ನಿಂದ ಚಿತ್ರ ತೆಗೆದು, ಕಲರ್ ಪ್ರಿಂಟ್ ಹಾಕಿಸಿ, ಕತ್ತರಿಸಿ ಅಂಟಿಸುವುದು. ಶಿವನಸಮುದ್ರದ ವಿದ್ಯುದಾಗಾರದ ಬಗ್ಗೆ ಬರೆದು ತಾ ಎಂದರೆ, ಅದೇ ತಾಲ್ಲೂಕಿನ ಮಗು 1902ರಲ್ಲಿ ಶುರುವಾದ ಆ ಜಾಗವನ್ನು ಒಂದು ಸಲ ನೋಡಿ ಬರುವ ಬದಲು ಅದರ ಕಲರ್ ಫೋಟೊ ಅಂಟಿಸಿ ಅಂಕ ತೆಗೆದುಕೊಳ್ಳುತ್ತದೆ. ಕೈಯಲ್ಲಿ ಬರೆದ ಚಿತ್ರಕ್ಕಿಂತ ಮಿನುಗುವ ಪ್ರಿಂಟಿಗೆ ಹೆಚ್ಚು ಅಂಕ ಬೀಳುವ ತರಗತಿಯಲ್ಲಿ ಪರೀಕ್ಷೆಗೆ ಕೂತಿರುವುದು ಮಗುವಲ್ಲ, ಮಗುವಿನ ಮನೆಯ ವರಮಾನ. ಪ್ರಿಂಟರ್ ಇಲ್ಲದ ಕೂಲಿಯವರ ಮಗು ಅಲ್ಲಿ ಕಲಿಯುವ ಪಾಠವೇ ಬೇರೆ. ಮೇಷ್ಟ್ರುಗಳಲ್ಲಿ ನನ್ನ ಮನವಿ: ಕಲರ್ ಪ್ರಿಂಟ್ ತನ್ನಿ ಎಂದು ಹೇಳುವುದನ್ನು ಬಿಡಿ. ಪೆನ್ಸಿಲ್ ಚಿತ್ರಕ್ಕೆ ಅಂಕ ಕೊಡಿ.

ಸರ್ಕಾರಿ ಕಾಗದಕ್ಕೆ ಕಲರ್ ಬೇಕು ಎಂಬುದೂ ಬಹುಪಾಲು ಭ್ರಮೆ. ಡೌನ್‌ಲೋಡ್ ಮಾಡಿ ಸಾದಾ ಹಾಳೆಯಲ್ಲಿ, ಕಪ್ಪು ಬಿಳುಪಿನಲ್ಲಿ ತೆಗೆದ ಆಧಾರ್ ಕೂಡ ಮೂಲದಷ್ಟೇ ಮಾನ್ಯ ಎಂದು ಆಧಾರ್ ಪ್ರಾಧಿಕಾರವೇ 2018ರ ಫೆಬ್ರುವರಿಯಲ್ಲಿ ಹೇಳಿದೆ. ಪಹಣಿಗೆ ಬಣ್ಣ ಬೇಡ, ಜಾತಿ ಆದಾಯ ಪ್ರಮಾಣಪತ್ರಕ್ಕೆ ಬೇಡ, ವಿದ್ಯಾರ್ಥಿವೇತನದ ಅರ್ಜಿಗೆ ಬೇಡ. ಬಣ್ಣ ಬೇಕಾದಲ್ಲಿ, ಉದಾಹರಣೆಗೆ ನೀಟ್ ಪರೀಕ್ಷೆಯ ಪೋಸ್ಟ್‌ಕಾರ್ಡ್ ಅಳತೆಯ ಫೋಟೊಗೆ, ಬಿಳಿ ಹಿನ್ನೆಲೆ ಸಮೇತ ತೆಗೆದು ಕೊಡುವವರು ಸ್ಟುಡಿಯೊದವರೇ.

ಈಗ ಎದುರು ವಾದ. ಅದರಲ್ಲಿ ಗಟ್ಟಿ ಕಾಳಿದೆ, ತೂರಿಬಿಡುವಂತಿಲ್ಲ. ಪೇಟೆಯವರಿಗೆ ಬೀದಿ ತುದಿಯಲ್ಲೇ ಜೆರಾಕ್ಸ್ ಅಂಗಡಿ, ಹಳ್ಳಿಯವರು ಒಂದು ಹಾಳೆಗೆ ಮಳವಳ್ಳಿಗೆ ಹೋಗಬೇಕಲ್ಲ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಇಲ್ಲ, ನಿಜ; ಆದರೆ ಅರ್ಧ ದಿನದ ಕೂಲಿ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ನೆನಪಾದ ಪ್ರವೇಶಪತ್ರಕ್ಕೆ ಯಾವ ಅಂಗಡಿ ತೆರೆದಿರುತ್ತದೆ? ಜೊತೆಗೆ, ಬ್ಯಾಂಕ್ ಪಾಸ್‌ಬುಕ್ಕು, ಆಧಾರು ಎಲ್ಲವನ್ನೂ ಸೈಬರ್ ಅಂಗಡಿಯ ಮೊಬೈಲಿಗೆ ಕಳಿಸಿದರೆ ಅವು ಅಲ್ಲೇ ಉಳಿಯುತ್ತವಲ್ಲ? ಮೂರೂ ನ್ಯಾಯವಾದ ಪ್ರಶ್ನೆಗಳು. ಆದರೆ ಮೂರರಲ್ಲೂ ಬೇಕಾಗಿರುವುದು ಕಪ್ಪು ಅಕ್ಷರ. ಇವು ಮನೆಯಲ್ಲಿ ಪ್ರಿಂಟರ್ ಇರಲಿ ಎನ್ನುವ ವಾದಗಳು ಹೌದು, ಕಲರ್ ಪ್ರಿಂಟರ್ ಇರಲಿ ಎನ್ನುವ ವಾದಗಳಲ್ಲ.

ಹಾಗಾಗಿ ದೂರದ ಊರಿನ, ಓದುವ ಮಕ್ಕಳಿರುವ, ಕಾಗದಪತ್ರದ ಓಡಾಟ ಹೆಚ್ಚಿರುವ ಮನೆಯವರು ಕೊಳ್ಳಲೇಬೇಕೆಂದರೆ ಕಪ್ಪು ಬಿಳುಪಿನ ಲೇಸರ್ ಕೊಳ್ಳಲಿ. ಟೋನರ್ ಪುಡಿ ಆರು ತಿಂಗಳು ಮುಟ್ಟದಿದ್ದರೂ ಒಣಗುವುದಿಲ್ಲ, ಏಕೆಂದರೆ ಅದರಲ್ಲಿ ಒಣಗಲು ನೀರೇ ಇಲ್ಲ. ಎಚ್‌ಪಿಯ 12ಎ ಕಾರ್ಟ್ರಿಜ್ ಒಂದಕ್ಕೆ 2,000 ಪುಟದ ಲೆಕ್ಕ. ಮುಗಿದ ಮೇಲೆ ಪುಡಿ ತುಂಬಿಕೊಡುವವರು ತಾಲ್ಲೂಕು ಕೇಂದ್ರಗಳಲ್ಲೇ ಸಿಗುತ್ತಾರೆ. ಆ ಕಾರ್ಟ್ರಿಜ್ ಹಾಕುವ ಎಚ್‌ಪಿ 1020, ಅದೇ ಬಗೆಯ 303 ಕಾರ್ಟ್ರಿಜ್‌ನ ಕ್ಯಾನನ್ ಎಲ್‌ಬಿಪಿ2900 ಯಂತ್ರಗಳು ನಮ್ಮ ಜೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ವರ್ಷಾನುಗಟ್ಟಲೆ ದುಡಿದಿವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಹೊಸದಕ್ಕಿಂತ ಬಹಳ ಕಡಿಮೆಗೆ ಸಿಗುತ್ತವೆ. ಎರಡು ತೊಡಕುಗಳನ್ನು ಮುಚ್ಚಿಡುವುದಿಲ್ಲ. ಈ ಹಳೆಯ ಮಾದರಿಗಳಿಗೆ ಕಂಪ್ಯೂಟರಿನಿಂದ ಯುಎಸ್‌ಬಿ ತಂತಿ ಬೇಕು, ಮೊಬೈಲಿನಿಂದ ನೇರ ಪ್ರಿಂಟ್ ಆಗದು. ಮೊಬೈಲಷ್ಟೇ ಇರುವ ಮನೆ ವೈಫೈ ಇರುವ ಲೇಸರನ್ನೇ ಹುಡುಕಬೇಕು. ಇನ್ನೊಂದು ಕರೆಂಟು. ಉರುಳೆ ಕಾಯುವ ಹೊತ್ತಿಗೆ ಲೇಸರ್ ನೂರಾರು ವಾಟ್ ಒಮ್ಮೆಲೇ ಎಳೆಯುತ್ತದೆ. ಮನೆಯ ಸಣ್ಣ ಯುಪಿಎಸ್‌ಗೆ ಅದನ್ನು ಸಿಕ್ಕಿಸಬೇಡಿ, ಕರೆಂಟ್ ಇದ್ದಾಗ ನೇರ ಓಡಿಸಿ.

ಸ್ಕ್ಯಾನರ್ ಇಲ್ಲವಲ್ಲ ಎನ್ನುವವರಿಗೆ: ಮೊಬೈಲಿನ ಕ್ಯಾಮೆರಾದಲ್ಲಿ ನೇರವಾಗಿ, ನೆರಳು ಬೀಳದಂತೆ ಸ್ಕ್ಯಾನ್ ಮಾಡಿಕೊಂಡರೆ ಕಚೇರಿಗಳ ಅಪ್‌ಲೋಡಿಗೆ ಧಾರಾಳವಾಗಿ ಸಾಕು.

ಹಾಗಾದರೆ ಇಂಕ್ ಟ್ಯಾಂಕ್ ಯಾರಿಗೆ? ಮನೆಯಲ್ಲೇ ಟ್ಯೂಷನ್ ನಡೆಸಿ ದಿನವೂ ಪ್ರಶ್ನೆಪತ್ರಿಕೆ ತೆಗೆಯುವವರಿಗೆ, ಆಮಂತ್ರಣ ವಿನ್ಯಾಸ ಮಾಡಿ ಗಿರಾಕಿಗೆ ಮಾದರಿ ತೋರಿಸುವವರಿಗೆ, ಬೇಕರಿ ಡಬ್ಬಿಗೆ ಚೀಟಿ ಅಂಟಿಸುವ ಗೃಹೋದ್ಯಮದವರಿಗೆ, ಅಂದರೆ ವಾರಕ್ಕೆ ಐವತ್ತು ಹಾಳೆಯಾದರೂ ಬಣ್ಣದಲ್ಲಿ ಓಡಿಸುವವರಿಗೆ. ಅವರು ಕೊಳ್ಳುವಾಗ ಮೂರು ಪ್ರಶ್ನೆ ಕೇಳಲಿ. ಕಪ್ಪು ಮಸಿ ಪಿಗ್ಮೆಂಟೋ ಡೈಯೋ? ಹೆಡ್ಡನ್ನು ನಾವೇ ಬಿಚ್ಚಿ ಬದಲಿಸಬಹುದೋ? ವೇಸ್ಟ್ ಇಂಕ್ ಪ್ಯಾಡ್ ಯಾರು ಬದಲಿಸಬೇಕು, ಎಲ್ಲಿ? ಕ್ಯಾನನ್‌ನ ಜಿ ಸರಣಿಯ ಹಲವು ಮಾದರಿಗಳಲ್ಲಿ, ಎಚ್‌ಪಿಯ ಟ್ಯಾಂಕ್ ಯಂತ್ರಗಳಲ್ಲಿ ಹೆಡ್ಡು ಬಿಡಿಯಾಗಿ ಸಿಗುವ ಭಾಗ. ಎಪ್ಸನ್‌ನ ಎಲ್ ಸರಣಿಯಲ್ಲಿ ಅದು ಯಂತ್ರಕ್ಕೇ ಕೂಡಿಕೊಂಡಿರುತ್ತದೆ. ಕಾಯಿಸದೆ ಚಿಮ್ಮಿಸುವುದರಿಂದ ಬಾಳಿಕೆ ಹೆಚ್ಚು ಎಂಬುದು ಅವರ ಸಮರ್ಥನೆ. ದಿನವೂ ಓಡಿಸಿದರೆ ಅದು ನಿಜವೇ. ಓಡಿಸದಿದ್ದರೆ ಹೆಡ್ಡಿನ ರಿಪೇರಿ ಎಂದರೆ ಹೊಸ ಯಂತ್ರದ ಚಿಂತೆ.

ಊರಿಗೊಂದು ಕಲರ್ ಪ್ರಿಂಟರ್ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಗೊಂದು ಬೇಡ. ಹಾಲಿನ ಡೇರಿಯನ್ನು ಊರೆಲ್ಲ ಸೇರಿ ನಡೆಸಲು ಗೊತ್ತಿರುವ ಜಿಲ್ಲೆ ಇದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವೆಡೆ ಕಂಪ್ಯೂಟರೂ ಇದೆ. ಮಕ್ಕಳು ಹೇಗೂ ಅಲ್ಲಿಗೆ ಹೋಗುತ್ತಾರೆ. ಹತ್ತು ಮನೆ ಹತ್ತು ಯಂತ್ರ ಕೊಂಡು ಹತ್ತೂ ಒಣಗಿಸುವ ಬದಲು, ಅಲ್ಲಿ ಒಂದು ಕಪ್ಪು ಲೇಸರ್, ಒಂದು ಇಂಕ್ ಟ್ಯಾಂಕ್ ಇಟ್ಟು ಪುಟಕ್ಕೆ ಇಷ್ಟು ಎಂದು ದರ ಬರೆದು ಹಾಕಿದರೆ ಎರಡೂ ದಿನವೂ ಓಡುತ್ತವೆ. ದಿನವೂ ಓಡುವ ಟ್ಯಾಂಕಿನ ಹೆಡ್ಡು ಒಣಗುವುದಿಲ್ಲ, ಮಸಿಯ ಮಟ್ಟಿಗೆ ಪುಟಕ್ಕೆ ಹತ್ತು ಪೈಸೆ ಎಂಬ ಮಾತೂ ಅಲ್ಲಿ ನಿಜವಾಗುತ್ತದೆ. ಬಂಡೂರಿನಂಥ ಊರುಗಳ ಪಂಚಾಯಿತಿ ಸದಸ್ಯರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಲಿ, ಸ್ತ್ರೀಶಕ್ತಿ ಸಂಘದವರು ಅದನ್ನು ನಡೆಸುವ ಹೊಣೆ ಕೇಳಲಿ.

ಅಲ್ಲಿಯವರೆಗೆ, ಪ್ರಿಂಟರ್ ಕೊಳ್ಳಲು ಹೊರಟ ಓದುಗರು ಒಂದು ಕೆಲಸ ಮಾಡಿ. ಕಳೆದ ಮೂರು ತಿಂಗಳಲ್ಲಿ ಮನೆಗೆ ಬೇಕಾದ ಹಾಳೆಗಳನ್ನು ನೆನಪಿಸಿಕೊಂಡು ಬರೆಯಿರಿ: ಕಪ್ಪು ಎಷ್ಟು, ಕಲರ್ ಎಷ್ಟು, ಫೋಟೊ ಎಷ್ಟು. ಕಲರ್ ಹಾಳೆ ದಿನಕ್ಕೆ ಒಂದರಂತೆಯೂ ಬರದಿದ್ದರೆ ಹನ್ನೆರಡು ಸಾವಿರವನ್ನು ಜೇಬಿನಲ್ಲೇ ಇಟ್ಟುಕೊಳ್ಳಿ, ಫೋಟೊಗಳನ್ನು ಸ್ಟುಡಿಯೊಗೆ ಕೊಡಿ.